ನಮ್ಮ ಕೂಲ್‌ಡ್ರಿಂಕ್ ಪ್ಲಾಂಟು ವಿಯೆಟ್ನಾಂಗೆ ಹೋಗುತ್ತಂತೆ, ನಿಜವೇ?

ಪ್ರಶ್ನೆ: ಸರ್, ನಮಸ್ಕಾರ. ನಾನು ಇಂಡಿ ತಾಲೂಕಿನವನು. ಪುಣೆ ಹತ್ತಿರದ ಎಂಐಡಿಸಿ (ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ನಿಗಮ) ಪ್ರದೇಶದಲ್ಲಿರುವ ಒಂದು ಕೂಲ್‌ಡ್ರಿಂಕ್ ಪ್ಲಾಂಟಿನಲ್ಲಿ 17 ವರ್ಷದಿಂದ ಫಿಲ್ಲರ್ (ಬಾಟಲಿ ತುಂಬುವ ಮೆಷಿನ್) ಆಪರೇಟರ್ ಆಗಿದ್ದೇನೆ. ವಯಸ್ಸು 43. ಬೇಸಿಕ್ ಮತ್ತು ಡಿಎ ಸೇರಿ 26,000 ರೂಪಾಯಿ. ಪರ್ಮನೆಂಟ್ ಆದವರು ಸುಮಾರು 140 ಮಂದಿ, ಕಾಂಟ್ರಾಕ್ಟಿನವರು ಅದರ ಎರಡು ಪಟ್ಟು. ದೀಪಾವಳಿ ಆದ ಮೇಲೆ ಗಾಜಿನ ಬಾಟಲಿಯ ಲೈನನ್ನು ಬಿಚ್ಚಿ ಮರದ ಪೆಟ್ಟಿಗೆಗಳಲ್ಲಿ ತುಂಬಿದ್ದಾರೆ. ಇಬ್ಬರು ಫಾರಿನ್ ಇಂಜಿನಿಯರುಗಳು ಬಂದು ಶೆಡ್ಡಿನ ಅಳತೆ ತೆಗೆದುಕೊಂಡು ಹೋದರು. ಕಂಪನಿ ಎಲ್ಲ ಉತ್ಪಾದನೆಯನ್ನೂ ವಿಯೆಟ್ನಾಂಗೆ ಸಾಗಿಸುತ್ತದೆ, ಇಲ್ಲಿಗೆ ತುಂಬಿದ ಬಾಟಲಿ ಮಾತ್ರ ಬರುತ್ತದೆ ಎಂದು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಎಚ್‌ಆರ್ ಸಾಹೇಬರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ವಿಆರ್‌ಎಸ್ (ದುಡ್ಡು ಕೊಟ್ಟು ಸ್ವಯಂ ನಿವೃತ್ತಿ) ಕೊಡುತ್ತಾರೆ ಅನ್ನುವ ಮಾತೂ ಇದೆ. ಮೋಶಿಯಲ್ಲಿ ತೆಗೆದುಕೊಂಡ ಫ್ಲ್ಯಾಟಿನ ಸಾಲ ಇನ್ನೂ 9 ವರ್ಷ ಇದೆ, ಮಗಳು ಹತ್ತನೇ ಕ್ಲಾಸು. ಹೆಂಡತಿಯ ತಮ್ಮನೂ ಇಲ್ಲೇ ಕಾಂಟ್ರಾಕ್ಟಿನಲ್ಲಿ ಲೋಡಿಂಗ್ ಮಾಡುತ್ತಾನೆ. ವಿಆರ್‌ಎಸ್ ತೊಗೊಂಡು ಊರಲ್ಲಿ ಒಂದು ನೀರಿನ ಪ್ಲಾಂಟ್ ಹಾಕಲೇ? ಇಲ್ಲಾ ಇಲ್ಲೇ ಕಾಯಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಅಂಟಿಕೊಂಡಿವೆ. ಪ್ಲಾಂಟು ಸಮುದ್ರ ದಾಟುತ್ತದೆ ಅನ್ನುವುದು ಒಂದು. ನಿಮ್ಮ ಕೆಲಸ ಹೋಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಲ್ಲೆ. ಎರಡನೆಯದರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಮೊದಲನೆಯದು ಸುಳ್ಳು ಅಂತ ಗೊತ್ತಾದ ಕೂಡಲೇ ಎಲ್ಲರೂ ನಿಶ್ಚಿಂತೆಯಾಗಿ ಬಿಡುತ್ತಾರೆ. ನಾನೇ ಒಂದು ಸಲ ಹಾಗೆ ಮಾಡಿ ಹತ್ತಾರು ಮಂದಿಯ ದಾರಿ ತಪ್ಪಿಸಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ವಿಯೆಟ್ನಾಂ ಲೆಕ್ಕ ಮೊದಲು ಮುಗಿಸೋಣ. ನೀವು ತುಂಬುವ ಬಾಟಲಿಯಲ್ಲಿ ಏನಿದೆ? ಹತ್ತರಲ್ಲಿ ಒಂಬತ್ತು ಪಾಲು ನೀರು. ಉಳಿದದ್ದು ಸಕ್ಕರೆ, ಗ್ಯಾಸು, ಚೂರು ಸಾರ. 20 ಅಡಿಯ ಒಂದು ಕಂಟೇನರಿನಲ್ಲಿ ತೂಕದ ಮಿತಿ ನೋಡಿಕೊಂಡು ತುಂಬಿದರೆ ಹೆಚ್ಚೆಂದರೆ 20,000 ಲೀಟರ್ ಹಿಡಿಯುತ್ತದೆ. ನಿಮ್ಮ ಪೆಟ್ (ಪ್ಲಾಸ್ಟಿಕ್ ಬಾಟಲಿ) ಲೈನ್ ಸೀಸನ್ನಿನಲ್ಲಿ ನಿಮಿಷಕ್ಕೆ 600 ಬಾಟಲಿ ಓಡುತ್ತದೆ ಅಂತಿಟ್ಟುಕೊಳ್ಳಿ. ಕಾಲು ಲೀಟರಿನ ಬಾಟಲಿಯಾದರೂ ಎರಡೂಕಾಲು ಗಂಟೆಗೆ ಒಂದು ಕಂಟೇನರ್ ತುಂಬಿಬಿಡುತ್ತದೆ. ಪುಣೆಯ ಒಂದು ಬೇಸಿಗೆಗೆ ಎಷ್ಟು ಕಂಟೇನರ್ ಬೇಕು, ನೀವೇ ಊಹಿಸಿ.

ಇನ್ನು ದುಡ್ಡು. ಅಂಗಡಿಯಲ್ಲಿ 20 ರೂಪಾಯಿಗೆ ಮಾರುವ ಬಾಟಲಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಗ್ಯಾಸಿನ ಪಾನೀಯಕ್ಕೆ ಜಿಎಸ್‌ಟಿ 40 ಪರ್ಸೆಂಟು. ಅಂದರೆ ಆ 20 ರೂಪಾಯಿಯಲ್ಲಿ ಸುಮಾರು 5 ರೂಪಾಯಿ 70 ಪೈಸೆ ತೆರಿಗೆಗೇ ಹೋಯಿತು. ಅಂಗಡಿಯವರ ಪಾಲು, ಡಿಸ್ಟ್ರಿಬ್ಯೂಟರ ಪಾಲು, ಟೆಂಪೋ ಬಾಡಿಗೆ, ಫ್ರಿಜ್ಜಿನ ಖರ್ಚು, ಜಾಹೀರಾತು ಕಳೆದ ಮೇಲೆ ಉಳಿಯುವ ಚಿಲ್ಲರೆಯಲ್ಲಿ ಹಡಗಿನ ಬಾಡಿಗೆ, ಬಂದರಿನ ಖರ್ಚು, ಕಸ್ಟಮ್ಸ್ ಸುಂಕ ಕಟ್ಟಿ ಯಾರು ಬದುಕುತ್ತಾರೆ? ಅದರ ಮೇಲೆ ಸಣ್ಣ ಪೆಟ್ ಬಾಟಲಿಯ ಗೋಡೆಯಿಂದ ಗ್ಯಾಸು ದಿನಾ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಅದರ ಆಯಸ್ಸೇ ಕೆಲವು ತಿಂಗಳು. ವಾರಗಟ್ಟಲೆ ಹಡಗಿನಲ್ಲೇ ಕಳೆದು ಬಂದ ಬಾಟಲಿಯ ಮುಚ್ಚಳ ತೆಗೆದರೆ ಬರುವ ಸದ್ದು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಹೊರದೇಶದಿಂದ ಯಾವ ಪಾನೀಯವೂ ಬರುವುದಿಲ್ಲವೇ? ಬರುತ್ತದೆ. ರೆಡ್ ಬುಲ್ ಕ್ಯಾನು ತಿರುಗಿಸಿ ನೋಡಿ, ಅದು ಯುರೋಪಿನಲ್ಲಿ ತುಂಬಿ ಬಂದದ್ದು. ಆದರೆ ಅದರ ಒಂದು ಲೀಟರಿಗೆ ಜನ ಕೊಡುವ ಬೆಲೆ ನಿಮ್ಮ ಕೋಲಾದ ಆರೇಳು ಪಟ್ಟು. ಸ್ಕಾಚ್ ವಿಸ್ಕಿಯದೂ ಅದೇ ಕಥೆ. ಇನ್ನೊಂದು, ನಾವು ಪ್ಲಾಂಟಿನಲ್ಲಿ ಕಾನ್ಸಂಟ್ರೇಟ್ ಅನ್ನುವ ಮೂಲ ಸಾರ. ಕೆಲವೇ ಕ್ಯಾನುಗಳಿಂದ ಸಾವಿರಾರು ಲೀಟರ್ ಪಾನೀಯ ಆಗುತ್ತದೆ. ಹಾಗಾಗಿ ಅದು ಆರಾಮಾಗಿ ಸಮುದ್ರ ದಾಟುತ್ತದೆ. ಕೋಕಾ-ಕೋಲಾ, ಪೆಪ್ಸಿ ಎರಡೂ ಐರ್ಲೆಂಡಿನಲ್ಲಿ ಅದನ್ನು ಮಾಡಿ ದೇಶದೇಶಕ್ಕೆ ಕಳಿಸುತ್ತವೆ. ಕೋಕಾ-ಕೋಲಾದ್ದು ನಿಮ್ಮ ಪುಣೆ ಪಕ್ಕದ ಪಿರಂಗುಟ್‌ನಲ್ಲೂ ತಯಾರಾಗುತ್ತದೆ. ನೀವು ಅಂಥ ಸಾರದ ಕಾರ್ಖಾನೆಯಲ್ಲಿದ್ದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ನೀವು ಬಾಟಲಿ ತುಂಬುವವರು. ನಿಮ್ಮ ಕೆಲಸ ಕುಡಿಯುವವರ ಹತ್ತಿರವೇ ಇರಬೇಕು.

ಈಗ ನೀವು ಕಣ್ಣಾರೆ ಕಂಡದ್ದಕ್ಕೆ ಬರೋಣ. ಮರದ ಪೆಟ್ಟಿಗೆ ನೋಡಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಆದರೆ ಬಿಚ್ಚಿದ್ದು ಯಾವ ಲೈನು? ಗಾಜಿನದು. ಖಾಲಿ ಬಾಟಲಿ ವಾಪಸ್ ತರಬೇಕು, ತೊಳೆಯಬೇಕು, ಒಡೆದದ್ದು ಆರಿಸಬೇಕು. ಅದಕ್ಕೆ ಜಾಸ್ತಿ ನೀರು, ಜಾಸ್ತಿ ಕೈಗಳು. ಹಳೆಯ ಲೈನನ್ನು ಕಂಪನಿಗಳು ತಮ್ಮದೇ ಬೇರೆ ಪ್ಲಾಂಟಿಗೋ, ಗಾಜು ಇನ್ನೂ ನಡೆಯುವ ಆಫ್ರಿಕಾ, ನೇಪಾಳದ ಕಡೆಗೋ ಮಾರುವುದು ಹೊಸದೇನಲ್ಲ. ಅಳತೆ ತೆಗೆದುಕೊಂಡ ಫಾರಿನ್ ಇಂಜಿನಿಯರುಗಳು ಮೆಷಿನ್ ಕಂಪನಿಯವರೇ ಇರಬೇಕು. ನಮ್ಮ ಫಿಲ್ಲರುಗಳು, ಪ್ಲಾಸ್ಟಿಕ್ ಬಾಟಲಿ ಊದುವ ಬ್ಲೋ ಮೋಲ್ಡರುಗಳು ಹೆಚ್ಚಾಗಿ ಜರ್ಮನಿ, ಇಟಲಿಯಿಂದ ಬರುತ್ತವೆ. ಮುಚ್ಚುವ ಶೆಡ್ಡಿನ ಅಳತೆ ತೆಗೆಯಲು ಯಾರೂ ಅಷ್ಟು ದೂರದಿಂದ ಬರುವುದಿಲ್ಲ. ಹೊಸ ಲೈನ್ ಕೂರಿಸಲು ಬರುತ್ತಾರೆ. ಹಾಗಂತ ಹಿಗ್ಗಬೇಡಿ. ಹೊಸ ಲೈನಿಗೆ ಹಳೆಯ ಎರಡು ಲೈನಿಗೆ ಬೇಕಾದಷ್ಟು ಜನ ಬೇಕಾಗುವುದಿಲ್ಲ.

ಸುದ್ದಿ ಹುಟ್ಟಿದ ಕಾಲವನ್ನೂ ನೋಡಿ. ನಮ್ಮ ಧಂದೆಯಲ್ಲಿ ಮಾರ್ಚಿನಿಂದ ಜೂನ್‌ವರೆಗೆ ಯಾರಿಗೂ ಗಾಳಿಸುದ್ದಿ ಕೇಳಲು ಪುರುಸೊತ್ತಿರುವುದಿಲ್ಲ. ಚಳಿಗಾಲದಲ್ಲಿ ಲೈನು ನಿಲ್ಲುತ್ತದೆ, ಓವರ್‌ಹಾಲಿಂಗ್ ನಡೆಯುತ್ತದೆ, ಕಾಂಟ್ರಾಕ್ಟಿನವರನ್ನು ಮನೆಗೆ ಕಳಿಸುತ್ತಾರೆ. ಆಗ ಕ್ಯಾಂಟೀನಿನಲ್ಲಿ ಕಂಪನಿ ಪ್ರತಿ ವರ್ಷ ಒಂದೊಂದು ದೇಶಕ್ಕೆ ಹೋಗುತ್ತದೆ. ಇದಕ್ಕೆ ಪೇಪರಿನ ಸುದ್ದಿಯೂ ತುಪ್ಪ ಸುರಿಯುತ್ತದೆ. ಪೆಪ್ಸಿ ಬಾಟಲಿ ತುಂಬುವ ನಮ್ಮದೇ ದೇಶದ ವರುಣ್ ಬೆವರೇಜಸ್ ನೇಪಾಳ, ಶ್ರೀಲಂಕಾ, ಮೊರಾಕೊ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಪ್ಲಾಂಟು ನಡೆಸುತ್ತದೆ, 2024ರಲ್ಲಿ ದಕ್ಷಿಣ ಆಫ್ರಿಕಾದ ಕಂಪನಿಯನ್ನೂ ಕೊಂಡಿತು. ಹೆಡ್ಡಿಂಗ್ ಮಾತ್ರ ಓದಿದವರಿಗೆ 'ಕಂಪನಿ ಹೊರದೇಶಕ್ಕೆ ಹೋಯಿತು' ಅನ್ನಿಸುತ್ತದೆ. ಅದು ಅಲ್ಲಿ ತುಂಬುವುದು ಅಲ್ಲಿಯವರು ಕುಡಿಯಲಿಕ್ಕೆ.

ಇಷ್ಟಕ್ಕೂ ಈ ದೇಶದಲ್ಲಿ ಒಂದು ಕೂಲ್‌ಡ್ರಿಂಕ್ ಕಂಪನಿ ನಿಜವಾಗಿಯೂ ಗಂಟುಮೂಟೆ ಕಟ್ಟಿಕೊಂಡು ಹೋದದ್ದುಂಟು. 1977ರಲ್ಲಿ ಕೋಕಾ-ಕೋಲಾ. ವಿದೇಶಿ ಹಣದ ಮೇಲೆ ಹಿಡಿತ ಇಟ್ಟಿದ್ದ ಫೆರಾ ಕಾನೂನಿನ ಪ್ರಕಾರ ತನ್ನ ಪಾಲನ್ನು 40 ಪರ್ಸೆಂಟಿಗೆ ಇಳಿಸಬೇಕಿತ್ತು, ಅದಕ್ಕೆ ಅದು ಒಪ್ಪಲಿಲ್ಲ. ಆಗ ಕೈಗಾರಿಕಾ ಮಂತ್ರಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಆದರೆ ಬಾಟಲಿ ತುಂಬುತ್ತಿದ್ದ ಪ್ಲಾಂಟುಗಳು ಎಲ್ಲಿಗೂ ಹೋಗಲಿಲ್ಲ, ಅವು ಇಲ್ಲಿನ ಮಾಲೀಕರವು. ಕೋಕಾ-ಕೋಲಾ ತುಂಬುತ್ತಿದ್ದ ಪ್ಯೂರ್ ಡ್ರಿಂಕ್ಸ್ ಕಂಪನಿ ಕ್ಯಾಂಪಾ ಕೋಲಾ ತುಂಬಲು ಶುರು ಮಾಡಿತು. ಸಾರ ಬದಲಾಯಿತು, ಬಾಟಲಿ ತುಂಬುವವರ ಕೆಲಸ ಉಳಿಯಿತು.

ಆದರೆ ಕಥೆಗೆ ಇನ್ನೊಂದು ತುದಿಯೂ ಇದೆ. ಅದೇ ಪ್ಯೂರ್ ಡ್ರಿಂಕ್ಸ್‌ಗೆ ಮುಂಬೈಯ ವರ್ಲಿಯಲ್ಲಿ ಜಾಗ ಇತ್ತು. 1980ರ ದಶಕದಲ್ಲಿ ಅಲ್ಲಿ ವಾಸದ ಕಟ್ಟಡಗಳು ಎದ್ದವು. ಇಂದು ಮುಂಬೈಯಲ್ಲಿ 'ಕ್ಯಾಂಪಾ ಕೋಲಾ ಕಾಂಪೌಂಡ್' ಅಂದರೆ ಯಾರಿಗೂ ಬಾಟಲಿ ನೆನಪಾಗುವುದಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದ ಅಕ್ರಮ ಮಹಡಿಗಳ ಜಗಳ ನೆನಪಾಗುತ್ತದೆ. ನಮ್ಮ ಧಂದೆ ಸಮುದ್ರ ದಾಟುವುದಿಲ್ಲ, ತಾಲೂಕು ದಾಟುತ್ತದೆ. ನೀವು ಹೆದರಬೇಕಾದದ್ದು ಅದಕ್ಕೆ.

ನಾನು ತಪ್ಪಿದ್ದೂ ಅಲ್ಲೇ. ಸುಮಾರು 20 ವರ್ಷದ ಹಿಂದೆ ಮುಂಬೈ ಹೊರವಲಯದ ಒಂದು ಪ್ಲಾಂಟಿನಲ್ಲಿ ನಾನು ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೆ. ಕಂಪನಿ ದುಬೈಗೆ ಹೋಗುತ್ತದೆ ಅಂತ ಸುದ್ದಿ ಎದ್ದಿತು. ನಾನು ಕ್ಯಾಂಟೀನಿನಲ್ಲಿ ನಿಂತು, 'ನೀರನ್ನು ಯಾರಾದರೂ ಹಡಗಿನಲ್ಲಿ ತರುತ್ತಾರೇನ್ರಪ್ಪಾ' ಅಂತ ಎಲ್ಲರನ್ನೂ ನಗಿಸಿದೆ. ಎಂಟು ತಿಂಗಳಾದ ಮೇಲೆ ಜಾಗ ಬಿಲ್ಡರ್ ಕೈಗೆ ಹೋಯಿತು, ಬಾಟಲಿ ತುಂಬುವ ಕೆಲಸ ಪಕ್ಕದ ಜಿಲ್ಲೆಯ ಗುತ್ತಿಗೆ ಪ್ಲಾಂಟಿಗೆ. ನನ್ನ ಮಾತು ನಂಬಿ ಬೇರೆ ಕಡೆ ಬಂದ ಕೆಲಸ ಬಿಟ್ಟವರೂ ಅಲ್ಲಿದ್ದರು. ಸಿರಪ್ ರೂಮಿನಲ್ಲಿದ್ದ ಕುಂದಾಪುರ ಕಡೆಯ ಹಿರಿಯರೊಬ್ಬರು ಕೊನೆಯ ದಿನ ಬಂದು, 'ನೀವು ಹೇಳಿದ್ದು ಸರಿ ಸಾರ್, ದುಬೈಗೆ ಹೋಗಲಿಲ್ಲ' ಅಂದರು. ಅವರು ಕುಟುಕಲು ಹೇಳಿದ್ದಲ್ಲ. ಅದಕ್ಕೇ ಇವತ್ತಿಗೂ ಚುಚ್ಚುತ್ತದೆ.

ನಿಮ್ಮ ಪ್ಲಾಂಟಿಗೆ ಏನಾಗಬಹುದು? ಒಂದೋ, ಕಂಪನಿ ಬಾಟಲಿ ತುಂಬುವ ಹಕ್ಕನ್ನೇ ಬೇರೆಯವರಿಗೆ ಮಾರಬಹುದು. 2019ರಲ್ಲಿ ಪೆಪ್ಸಿ ದಕ್ಷಿಣ ಮತ್ತು ಪಶ್ಚಿಮ ಭಾರತದ ತನ್ನ ಪ್ಲಾಂಟುಗಳನ್ನು ವರುಣ್ ಬೆವರೇಜಸ್‌ಗೆ ಕೊಟ್ಟಿತು. 2024ರಲ್ಲಿ ಕೋಕಾ-ಕೋಲಾದ ಬಾಟಲಿ ತುಂಬುವ ಕಂಪನಿ ಹಿಂದೂಸ್ತಾನ್ ಕೋಕಾ-ಕೋಲಾ ಬೆವರೇಜಸ್ ರಾಜಸ್ಥಾನ, ಬಿಹಾರ, ಈಶಾನ್ಯ ಮತ್ತು ಪಶ್ಚಿಮ ಬಂಗಾಳದ ಕೆಲವು ಭಾಗಗಳನ್ನು ಬೇರೆ ಬಾಟಲಿಂಗ್ ಮಾಲೀಕರಿಗೆ ವಹಿಸಿತು. ಮಾಲೀಕರು ಬದಲಾದರೆ ಗೇಟಿನ ಬೋರ್ಡು ಬದಲಾಗುತ್ತದೆ, ಪ್ಲಾಂಟು ಓಡುತ್ತದೆ. ನಿಮ್ಮ ಹಳೆಯ ಸರ್ವಿಸ್ ಮುರಿಯದೆ, ಷರತ್ತು ಕೆಡದೆ, ಹೊಸಬರು ಅದರ ಹೊಣೆ ಹೊತ್ತುಕೊಳ್ಳಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಇನ್ನೊಂದು ದಾರಿ, ಹಳೆಯ ಎರಡು ಮೂರು ಸಣ್ಣ ಪ್ಲಾಂಟುಗಳ ಕೆಲಸವನ್ನು ಒಂದು ದೊಡ್ಡ ಹೊಸ ಪ್ಲಾಂಟಿಗೆ ಸೇರಿಸುವುದು. ಇದರಲ್ಲಿ ನಿಮಗೆ ನೂರಾರು ಕಿಲೋಮೀಟರ್ ದೂರದ ಟ್ರಾನ್ಸ್‌ಫರ್ ಆರ್ಡರ್ ಬರುತ್ತದೆ. ಹೋಗದವರು ತಾವೇ ಬಿಟ್ಟರು ಅಂತ ಕಂಪನಿ ಲೆಕ್ಕ ಹಾಕುತ್ತದೆ. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ ಟ್ರಾನ್ಸ್‌ಫರ್ ಬಗ್ಗೆ ಏನಿದೆ, ಇವತ್ತೇ ತೆಗೆದು ಓದಿ. 17 ವರ್ಷದಿಂದ ಯಾರೂ ಓದಿರುವುದಿಲ್ಲ.

ನೀರಿನಿಂದಲೂ ಪ್ಲಾಂಟು ಮುಚ್ಚುತ್ತದೆ. ಕೇರಳದ ಪ್ಲಾಚಿಮಡದಲ್ಲಿ 2004ರಲ್ಲಿ ನಿಂತದ್ದು ಅಂತರ್ಜಲದ ಜಗಳಕ್ಕೆ. ನಿಮ್ಮದು ಎಂಐಡಿಸಿ ನೀರು ಅಂತಾದರೆ ಆ ಚಿಂತೆ ಕಡಿಮೆ.

ಹಾಗಾದರೆ ನಿಜ ತಿಳಿಯುವುದು ಹೇಗೆ? ಎಚ್‌ಆರ್ ನಗುವಿನಿಂದ ಏನೂ ತಿಳಿಯುವುದಿಲ್ಲ. ಎಷ್ಟೋ ಸಲ ಅವರಿಗೂ ಕೊನೆಗೇ ಗೊತ್ತಾಗುವುದು. ನಾನಾದರೆ ಮೊದಲು ಅಂಗಡಿಗೆ ಹೋಗುತ್ತೇನೆ. ಲೇಬಲ್ಲಿನ ಮೇಲೆ ತುಂಬಿದ ಪ್ಲಾಂಟಿನ ವಿಳಾಸ ಇರಬೇಕು. ಹಲವು ಪ್ಲಾಂಟುಗಳಿದ್ದರೆ ಎಲ್ಲ ವಿಳಾಸಗಳನ್ನೂ ಅಕ್ಷರದ ಕೋಡಿನ ಜೊತೆ ಹಾಕಿರುತ್ತಾರೆ. ಬ್ಯಾಚ್ ನಂಬರಿನಲ್ಲಿರುವ ಅಕ್ಷರ ನೋಡಿದರೆ ಇದು ಎಲ್ಲಿ ತುಂಬಿದ್ದು ಅಂತ ತಿಳಿಯುತ್ತದೆ. ಮೋಶಿ, ಭೋಸರಿ, ಚಾಕಣ್ ಅಂಗಡಿಗಳಲ್ಲಿ ನಿಮ್ಮ ಪ್ಲಾಂಟಿನ ಅಕ್ಷರವೇ ಸಿಗುತ್ತಿದೆಯೇ? ಇಲ್ಲಾ ನಿಮ್ಮ ಗೇಟಿನ ಮುಂದಿನ ಪಾನಿನ ಅಂಗಡಿಯಲ್ಲೇ ಬೇರೆ ಅಕ್ಷರದ ಮಾಲು ಬಂದು ಕೂತಿದೆಯೇ? ಒಂದೆರಡು ಕೇಸ್ ಬಂದರೆ ಚಿಂತೆಯಿಲ್ಲ. ವಾರಗಟ್ಟಲೆ ಅದೇ ಬಂದರೆ ನಿಮ್ಮ ಮಾರ್ಕೆಟ್ಟನ್ನು ಬೇರೆ ಪ್ಲಾಂಟಿಗೆ ಬಿಟ್ಟುಕೊಡುವ ತಯಾರಿ ನಡೆದಿದೆ ಅಂತ ಅರ್ಥ.

ಆಮೇಲೆ ಸ್ಟೋರಿನ ಗೆಳೆಯರನ್ನು ಚಹಾಕ್ಕೆ ಕರೆಯಿರಿ. ಮಾರ್ಚಿಗೆ ಬೇಕಾದ ಪ್ರಿಫಾರ್ಮು (ಊದಿ ಬಾಟಲಿ ಮಾಡುವ ಪ್ಲಾಸ್ಟಿಕ್ ಕೊಳವೆ), ಮುಚ್ಚಳ, ಸಕ್ಕರೆಗೆ ಆರ್ಡರ್ ಹೋಗಿದೆಯೇ? ಫಿಲ್ಲರ್ ವಾಲ್ವುಗಳ ಸ್ಪೇರ್ ಬಂದಿದೆಯೇ? ಮುಚ್ಚುವ ಮನೆಗೆ ಯಾರೂ ಸುಣ್ಣ ಹೊಡೆಸುವುದಿಲ್ಲ. ಮಾಲಿನ್ಯ ಮಂಡಳಿಯ ಕನ್ಸೆಂಟು (ಪ್ಲಾಂಟು ನಡೆಸುವ ಒಪ್ಪಿಗೆ) ಮತ್ತು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮುಗಿಯುವ ತಾರೀಖೂ ನೋಡಿ. ಜಾಗದ ವಿಷಯ ಸ್ವಲ್ಪ ಬೇರೆ. ಎಂಐಡಿಸಿ ಪ್ಲಾಟು ಕಂಪನಿಯ ಸ್ವಂತದ್ದಲ್ಲ, 95 ವರ್ಷದ ಲೀಸು. ಇನ್ನೊಬ್ಬರಿಗೆ ವರ್ಗಾಯಿಸಲು ಎಂಐಡಿಸಿಯ ಒಪ್ಪಿಗೆ ಬೇಕು. ಅಂಥ ಅರ್ಜಿ ಹೋಗಿದೆಯೇ ಅಂತ ನಿಮ್ಮ ಯೂನಿಯನ್ನಿನವರು ಆರ್‌ಟಿಐ ಹಾಕಿ ಕೇಳಬಹುದು.

ಕಾನೂನಿನ ಮಾತು ಬಂದಾಗ ಒಂದು ಬದಲಾವಣೆ ನಿಮಗೆ ನೇರವಾಗಿ ತಟ್ಟುತ್ತದೆ. ಹಳೆಯ ಕಾನೂನಿನಲ್ಲಿ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಆ ಸಂಖ್ಯೆ 300 ಆಗಿದೆ. ನೀವು 140 ಮಂದಿ. ಕಾಂಟ್ರಾಕ್ಟಿನವರನ್ನೂ ಸೇರಿಸಿ ಎಣಿಸಬೇಕೇ ಅನ್ನುವುದರ ಮೇಲೆ ವಕೀಲರು ಜಗಳ ಆಡಬಹುದು. ಆ ಜಗಳವನ್ನು ನಂಬಿ ಕೂರಬೇಡಿ. ಅನುಮತಿ ಬೇಡವಾದರೂ 60 ದಿನದ ನೋಟಿಸು ಕೊಡಲೇಬೇಕು. ಪ್ರತಿ ಪೂರ್ತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರವನ್ನೂ ಕೊಡಬೇಕು. ನಿಮ್ಮ ಲೆಕ್ಕದಲ್ಲಿ ಅದು ಎರಡು ಲಕ್ಷ ಚಿಲ್ಲರೆ. ಗ್ರಾಚ್ಯುಟಿ ಬೇರೆ. 26,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000. 15 ದಿನಕ್ಕೆ 15,000. 17 ವರ್ಷಕ್ಕೆ 2,55,000. ಇದು ಪ್ಲಾಂಟು ಮುಚ್ಚಲಿ, ನೀವೇ ಬಿಡಲಿ, ನಿಮಗೆ ಸಿಗಲೇಬೇಕಾದ ದುಡ್ಡು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ವಿಆರ್‌ಎಸ್ ಬಂದಾಗ ಕಾಗದದ ಮೇಲೆ ಒಂದು ದಪ್ಪ ಮೊತ್ತ ಬರೆದಿರುತ್ತಾರೆ. ಅದರೊಳಗೆ ಗ್ರಾಚ್ಯುಟಿ, ರಜೆಯ ದುಡ್ಡು, ಕೆಲವು ಕಡೆ ಪಿಎಫ್ ಕೂಡ ಸೇರಿಸಿ ತೋರಿಸುತ್ತಾರೆ. ನಾನೇ ಅಂಥ ಕಾಗದ ತಯಾರಿಸುವ ಮೀಟಿಂಗಿನಲ್ಲಿ ಕೂತಿದ್ದೇನೆ. ನಿಮ್ಮದಾದ ದುಡ್ಡನ್ನೆಲ್ಲ ಕಳೆಯಿರಿ. ಉಳಿಯುವುದೇ ವಿಆರ್‌ಎಸ್. ಅದರಲ್ಲಿ 5 ಲಕ್ಷದವರೆಗೆ, ಷರತ್ತಿಗೆ ಒಳಪಟ್ಟು, ಆದಾಯ ತೆರಿಗೆ ಇಲ್ಲ. ಆ ಸೌಲಭ್ಯ ಜೀವಮಾನದಲ್ಲಿ ಒಂದೇ ಸಲ. ಉಳಿದ ಮೊತ್ತವನ್ನು ನಿಮ್ಮ ತಿಂಗಳ ಖರ್ಚು ಮತ್ತು ಕಂತಿನಿಂದ ಭಾಗಿಸಿ ನೋಡಿ. ಎಷ್ಟು ತಿಂಗಳು ಬರುತ್ತದೆ? ಎರಡು ವರ್ಷಕ್ಕಿಂತ ಕಡಿಮೆಯಾದರೆ, ಕೈಯಲ್ಲಿ ಬೇರೆ ಕೆಲಸವಿಲ್ಲದೆ, ನಾನಾದರೆ ಸಹಿ ಹಾಕುವುದಿಲ್ಲ. ಆದರೆ ಕಾಯುವುದರಲ್ಲೂ ರಿಸ್ಕ್ ಇದೆ. ಮೊದಲ ಸ್ಕೀಮಿಗಿಂತ ಎರಡನೆಯದು ಸಣ್ಣದಾಗಿರಬಹುದು, ಅಥವಾ ಬರದೇ ಇರಬಹುದು. ಲೇಬಲ್ಲು, ಸ್ಟೋರು, ಎಂಐಡಿಸಿ ಮೂರೂ ಕೆಟ್ಟ ಸುದ್ದಿಯನ್ನೇ ಹೇಳುತ್ತಿದ್ದರೆ ಮೊದಲ ಸ್ಕೀಮನ್ನು ತಳ್ಳಿಹಾಕಬೇಡಿ. ಏನೇ ಆಗಲಿ, 'ರಾಜೀನಾಮೆ' ಅನ್ನುವ ಪದವಿರುವ, ತಾರೀಖು ಖಾಲಿ ಬಿಟ್ಟ ಕಾಗದಕ್ಕೆ ಸಹಿ ಬೇಡ. ರಾಜೀನಾಮೆ ಕೊಟ್ಟವರಿಗೆ ಮುಚ್ಚುವ ಪರಿಹಾರ ಇಲ್ಲ.

ನೀರಿನ ಪ್ಲಾಂಟಿನ ಬಗ್ಗೆ ಕೇಳಿದ್ದೀರಿ. ಬೇಡ ಅಂತಲೇ ನನ್ನ ಸಲಹೆ. ಇಂಡಿ ಕಡೆಯ ಬೋರಿನ ನೀರು ಗಡಸು. ಆರ್‌ಒ ಹಾಕಿದರೆ ಎತ್ತಿದ ನೀರಿನಲ್ಲಿ ದೊಡ್ಡ ಪಾಲು ಚರಂಡಿಗೆ ಹೋಗುತ್ತದೆ. ಮೇಲಿಂದ ಕರೆಂಟು, ಮೆಂಬ್ರೇನು. ಪ್ಯಾಕ್ ಮಾಡಿದ ನೀರನ್ನು 2024ರಲ್ಲಿ ಎಫ್‌ಎಸ್‌ಎಸ್‌ಎಐ ಹೆಚ್ಚು ಅಪಾಯದ ಆಹಾರಗಳ ಗುಂಪಿಗೆ ಸೇರಿಸಿದೆ. ತಪಾಸಣೆ, ಆಡಿಟ್ಟು, ಲ್ಯಾಬ್ ಖರ್ಚು ತಪ್ಪಿದ್ದಲ್ಲ. ಇದೆಲ್ಲ ಹೇಗೋ ನಿಭಾಯಿಸಿದರೂ ಊರಲ್ಲಿ 20 ಲೀಟರಿನ ಕ್ಯಾನು ಉದ್ರಿಗೆ ಹೋಗುತ್ತದೆ. ಕ್ಯಾನೂ ಬರುವುದಿಲ್ಲ, ದುಡ್ಡೂ ಬರುವುದಿಲ್ಲ. ನನ್ನ ಜೊತೆ ಇದ್ದ ಒಳ್ಳೆಯ ಆಪರೇಟರುಗಳೇ ಇದರಲ್ಲಿ ಕೈ ಸುಟ್ಟುಕೊಂಡಿದ್ದಾರೆ. ಅವರಿಗೆ ಮೆಷಿನ್ ಗೊತ್ತಿತ್ತು, ವಸೂಲಿ ಗೊತ್ತಿರಲಿಲ್ಲ. ಅದರ ಬದಲು ನಿಮ್ಮ ಕೈಯಲ್ಲಿರುವ ಕಸುಬು ನೋಡಿ. ಫಿಲ್ಲರ್, ಮುಚ್ಚಳ ಹಾಕುವ ಕ್ಯಾಪರ್, ಸಿಐಪಿ (ಪೈಪು, ಟ್ಯಾಂಕು ಬಿಚ್ಚದೆ ತೊಳೆಯುವುದು) ತಿಳಿದವರು ಡೇರಿಗೆ ಬೇಕು, ಎಣ್ಣೆ ಪ್ಯಾಕಿಂಗಿಗೆ ಬೇಕು, ಬಿಯರ್‌ಗೆ ಬೇಕು, ಔಷಧಿ ಕಂಪನಿಗೂ ಬೇಕು. ಪುಣೆ ಸುತ್ತ ಇವೆಲ್ಲ ಇವೆ. ಹೊಸ ಲೈನ್ ಬರುವುದಾದರೆ ಅದರ ಟ್ರೇನಿಂಗಿಗೆ ನಿಮ್ಮ ಹೆಸರು ಮೊದಲೇ ಕೊಡಿ. 43ಕ್ಕೆ ಟಚ್ ಸ್ಕ್ರೀನ್ ಕಲಿಯುವುದು ಕಷ್ಟವಲ್ಲ. ಹೊರಗೆ ಹೋದರೂ ಅದೇ ನಿಮ್ಮ ಬೆಲೆ. ಕೆಲಸ ಬದಲಾದರೆ ಪಿಎಫ್ ತೆಗೆಯಬೇಡಿ, ವರ್ಗಾಯಿಸಿ. ನಿಮ್ಮ 10 ವರ್ಷ ದಾಟಿದೆ, 58ಕ್ಕೆ ಪಿಂಚಣಿ ಇದೆ.

ನಿಜ ಹೇಳಬೇಕೆಂದರೆ ನಿಮಗಿಂತ ನಿಮ್ಮ ಭಾಮೈದನ ಚಿಂತೆ ನನಗೆ ಜಾಸ್ತಿ. ಏನೇ ಬದಲಾದರೂ ಮೊದಲು ಮನೆಗೆ ಹೋಗುವವರು ಕಾಂಟ್ರಾಕ್ಟಿನವರು, ಅವರಿಗೆ ವಿಆರ್‌ಎಸ್ ಅನ್ನುವ ಮಾತೇ ಇಲ್ಲ. ಅವನ ಯುಎಎನ್ (ಪಿಎಫ್ ಖಾತೆಯ) ನಂಬರ್ ಹಾಕಿ ಪಾಸ್‌ಬುಕ್ ನೋಡಿ. ಪ್ರತಿ ತಿಂಗಳು ಪಿಎಫ್ ಬಿದ್ದಿದೆಯೇ? ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ನಂಬರ್ ಮಾಡಿಬಿಟ್ಟಿದ್ದಾರೆಯೇ? ಸಂಬಳದ ಚೀಟಿ, ಗೇಟ್ ಪಾಸು ಎಲ್ಲದರ ಫೋಟೋ ಇಟ್ಟುಕೊಳ್ಳಲಿ. ಕಾಂಟ್ರಾಕ್ಟರ್ ಸಂಬಳ ಕೊಡದೆ ಓಡಿಹೋದರೆ ಕೊಡುವ ಹೊಣೆ ಕಂಪನಿಯ ಮೇಲೆ ಬರುತ್ತದೆ. ಆದರೆ ತಾನು ಅಲ್ಲಿ ಕೆಲಸ ಮಾಡಿದ್ದೆ ಅನ್ನುವುದಕ್ಕೆ ಅವನ ಹತ್ತಿರ ಏನಾದರೂ ಕಾಗದ ಇರಬೇಕಲ್ವಾ?

ಈ ಭಾನುವಾರ ನಾಲ್ಕು ಅಂಗಡಿ ಸುತ್ತಿ, ಬಾಟಲಿಗಳ ಮೇಲೆ ಯಾವ ಅಕ್ಷರ ಇತ್ತು, ಯಾವ ತಾರೀಖಿನ ಮಾಲು ಅಂತ ಬರೆದು ಕಳಿಸಿ. ಅದನ್ನು ನೋಡಿದ ಮೇಲೆ ಇನ್ನೂ ಸ್ವಲ್ಪ ಖಚಿತವಾಗಿ ಹೇಳುತ್ತೇನೆ.